ಕಾಪಿನ ಬೆಲೆ

ಬೆಟಗೇರಿ,
ಫೆಬ್ರವರಿ ೩೦, ೨೨೧೪

ಅನಸೂಯಾ ಅಜ್ಜಿಯವರಿಗೆ, ನಿಮ್ಮಿಂದ ಆರನೇ ತಲೆಮಾರಿನ ಗುರುಬಾಯಿ ಕಲಕೇರಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಇವಳಿಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷ ಫೆಬ್ರವರಿ ಮೂವತ್ತಕ್ಕೆ ಮುಗಿಯುತ್ತದೆ. ಆಮೇಲೆ ಮಿಕ್ಕುವ ಐದು ದಿನ ಯಾವ ತಿಂಗಳಿಗೂ ಸೇರುವುದಿಲ್ಲ. ಅವನ್ನು ಉಳಿಕೆ ದಿನ ಅನ್ನುತ್ತೇವೆ. ಆಗ ಊರಿನಲ್ಲಿ ಯಾರೂ ದುಡಿಯುವುದಿಲ್ಲ, ನಮ್ಮಂಥ ಕೆಲವರ ಹೊರತು. ನನ್ನ ಬರವಣಿಗೆಯಲ್ಲಿ ನಿಮಗೆ ಗೊತ್ತಿಲ್ಲದ ಕೆಲವು ಮಾತು ಬರುತ್ತವೆ, ಗೊತ್ತಿದ್ದ ಮಾತೂ ಸ್ವಲ್ಪ ಓರೆಯಾಗಿ ಕೇಳಿಸಬಹುದು. ಅದಕ್ಕೆ ಕ್ಷಮೆ ಇರಲಿ. ಹೊಸದು ಬಂದಲ್ಲಿ ಅರ್ಥ ಹೇಳುತ್ತಾ ಹೋಗುತ್ತೇನೆ. ಇನ್ನೊಂದು ಮುಜುಗರವೂ ಇದೆ. ನೀವು ಕ್ಯಾಮೆರಾ ಹಿಡಿದು ಓಡಾಡುತ್ತಿರುವ ಕಾಲಕ್ಕೆ ಈ ಕಾಗದ ಬರೆಯುತ್ತಿದ್ದೇನೆ, ಅಂದರೆ ನಿಮಗಿನ್ನೂ ಮೂವತ್ತು ತುಂಬಿರಲಿಕ್ಕಿಲ್ಲ. ನನಗೆ ಐವತ್ತೈದು. ಆದರೂ ಅಜ್ಜಿಗೆ ಅಜ್ಜಿ ಅನ್ನದೆ ಮತ್ತೇನನ್ನಲಿ? ಸಹಿಸಿಕೊಳ್ಳಿ.

ಟಪಾಲು ಹಿಂದಕ್ಕೆ ಹೋಗುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ ನಮ್ಮ ಕಸುಬಿನಲ್ಲಿ ಒಂದು ರೂಢಿ ಇದೆ. ಉಳಿಕೆ ದಿನಗಳಲ್ಲಿ, ಗಾಜಿನ ಮೇಲೆ ತೆಗೆದಿಟ್ಟ ಯಾರ ಮುಖವನ್ನಾದರೂ ಕರಗಿಸಬೇಕಾಗಿ ಬಂದವರು ತಮಗಿಂತ ಹಿಂದಿನ ಒಬ್ಬರಿಗೆ ಕಾಗದ ಬರೆದು, ಕುಲುಮೆ ಆರುವ ಮುಂಚೆ ಅದರೊಳಗೆ ಹಾಕಬೇಕು. ನಾಳೆ ಮೊದಲ ಉಳಿಕೆ ದಿನ. ನಾಳೆ ನಾನು ಒಬ್ಬ ತಾಯಿಯ ಮುಖವನ್ನು ಕರಗಿಸಬೇಕು. ಕರಗಿಸಬೇಡಿ ಎಂದು ಆಕೆಯ ಮಗಳು ನಿನ್ನೆಯಿಂದ ನಮ್ಮ ಕಟ್ಟೆಯ ಮೇಲೆ ಕೂತಿದ್ದಾಳೆ. ಉಳಿದ ವರ್ಷಗಳಲ್ಲಿ ನಾನು ತೀರಿಹೋದ ನನ್ನ ಸೋದರತ್ತೆಗೆ ಬರೆಯುತ್ತಿದ್ದೆ. ಈ ಸಲ ನಿಮಗೇ ಬರೆಯಬೇಕು ಅನ್ನಿಸಿತು, ಯಾಕೆಂದರೆ ನನಗೆ ನಿಮ್ಮ ಮೇಲೆ ಸಿಟ್ಟು ಬಂದಿದೆ.

ನೀವು ತೆಗೆದ ಒಂದೇ ಒಂದು ಫೋಟೋ ನಮ್ಮ ಬಳಿ ಇಲ್ಲ. ಉಳಿದಿರುವುದು ನಿಮ್ಮ ದರಪಟ್ಟಿ. ಫ್ಲೆಕ್ಸ್ ಅನ್ನುತ್ತಿದ್ದಿರಲ್ಲ, ಆ ಸಾಯದ ಬಟ್ಟೆಯ ಮೇಲೆ ಅಚ್ಚು ಹಾಕಿಸಿದ್ದು. ನಿಮ್ಮ ಮಕ್ಕಳೋ ಮೊಮ್ಮಕ್ಕಳೋ ಮನೆ ಸೋರುವಾಗ ಅದನ್ನು ಮಗ್ಗದ ಮೇಲೆ ಹೊದಿಸಿದ್ದರಂತೆ, ಹಾಗಾಗಿ ಉಳಿಯಿತು. ಈಗ ನಮ್ಮ ಪಡಸಾಲೆಯ ಗೋಡೆಯ ಮೇಲಿದೆ. ‘ಅನಸೂಯಾ ಫೋಟೋಗ್ರಫಿ, ಬೆಟಗೇರಿ’ ಎಂದು ತಲೆಬರಹ. ಅದರ ಕೆಳಗೆ ಸ್ಟುಡಿಯೋ ಪೋರ್ಟ್ರೇಟ್ ಒಂದು ಗಂಟೆಗೆ ಇಷ್ಟು, ಹೊರಗೆ ಹೋದರೆ ಇಷ್ಟು, ಡ್ರೆಸ್ ಬದಲಿಸಿದರೆ ಇನ್ನಿಷ್ಟು, ಎಡಿಟ್ ಮಾಡಿದ ಫೋಟೋ ಹತ್ತು ಮಾತ್ರ, ಹೆಚ್ಚಿಗೆ ಬೇಕಾದರೆ ಒಂದೊಂದಕ್ಕೆ ಇಷ್ಟು, ಗದಗದ ಆಚೆಗೆ ಪೆಟ್ರೋಲ್ ಬೇರೆ. ಅಡ್ವಾನ್ಸ್ ಕಡ್ಡಾಯ. ರಾ ಫೈಲ್ ಕೇಳಬಾರದು. ಇದನ್ನೆಲ್ಲ ನಾನು ಅಕ್ಷರ ಕಲಿಯುವಾಗಲೇ ಬಾಯಿಪಾಠ ಮಾಡಿದ್ದೆ. ನಮ್ಮ ಮನೆಯ ಮಕ್ಕಳೆಲ್ಲ ಓದಲು ಕಲಿತದ್ದು ನಿಮ್ಮ ರೇಟಿನಿಂದಲೇ.

ಆ ಅಂಕಿಗಳ ಮೇಲೆ ನೀವು ಅಂಟಿಸಿದ ಚೀಟಿಗಳೂ ಹಾಗೇ ಇವೆ. ಒಂದು ಗಂಟೆಯ ಪೋರ್ಟ್ರೇಟಿಗೆ ಮೊದಲು ಅಚ್ಚಾದದ್ದು ಮೂರು ಸಾವಿರ. ಅದರ ಮೇಲಿನ ಚೀಟಿಯಲ್ಲಿ ಎರಡೂವರೆ. ಅದರ ಮೇಲಿನದರಲ್ಲಿ ಹದಿನೆಂಟುನೂರು. ನಿಮ್ಮ ಓಣಿಯಲ್ಲಿ ಇನ್ನೊಬ್ಬ ಅರ್ಧ ರೇಟಿಗೆ ಶುರುಮಾಡಿದ್ದನೋ, ಫೋನಿನಲ್ಲೇ ಚೆಂದ ಬರುತ್ತದೆ ಬಿಡಿ ಎಂದು ಗಿರಾಕಿಗಳು ಮೂಗು ಮುರಿದರೋ, ಆಷಾಢದಲ್ಲಿ ಒಂದೂ ಕೆಲಸ ಬರದೆ ಕ್ಯಾಮೆರಾದ ಸಾಲದ ಕಂತು ಕುತ್ತಿಗೆಗೆ ಬಂದಿತ್ತೋ, ನಾನು ಊಹಿಸಬಲ್ಲೆ. ನಾನೂ ಯಾರ ಕೈಕೆಳಗೂ ಇಲ್ಲದೆ ಮುಖ ತೆಗೆದು ಬದುಕುವವಳು. ನಮ್ಮವರೇ ಅಲ್ಲವೇನು, ನೋಡಿಕೊಂಡು ಹೇಳಿ ಅನ್ನುವ ಬಳಗ ನನಗೂ ಇದೆ. ಅವರ ಮುಂದೆ ಬೆಲೆ ಹೇಳುವಾಗ ನಾಲಿಗೆ ಒಣಗುವುದು ನನಗೂ ಗೊತ್ತು. ಕೊನೆಗೆ ಆ ಹದಿನೆಂಟುನೂರರ ಮೇಲೆ, ಕೈಬರಹದಲ್ಲಿ, ಪೆನ್ನು ಒತ್ತಿ ಒತ್ತಿ, ಎರಡು ಸಾವಿರದ ಇನ್ನೂರು ಎಂದು ಬರೆದಿದ್ದೀರಿ. ಆ ದಿನ ನೀವು ಯಾರ ಮೇಲೆ ಸಿಟ್ಟಾಗಿದ್ದಿರೋ ಏನೋ, ಆ ಅಕ್ಷರ ನೋಡಿದಾಗಲೆಲ್ಲ ನನಗೆ ಭೇಷ್ ಅನ್ನಿಸುತ್ತದೆ.

ನನ್ನ ಸಿಟ್ಟು ಕಡೆಯ ಸಾಲಿನ ಮೇಲೆ. ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ ಹೀಗೆ ಇದೆ: ‘ಮೂರು ತಿಂಗಳ ನಂತರ ಫೋಟೋಗಳಿಗೆ ನಾವು ಜವಾಬ್ದಾರರಲ್ಲ.’ ನೀವೊಬ್ಬರೇ ಅಲ್ಲ, ನಿಮ್ಮ ಕಾಲದ ಎಲ್ಲರೂ ಹಾಗೇ ಬರೆದಿದ್ದರಂತೆ. ನಿಂತ ಗಂಟೆಗೆ ಬೆಲೆ ಹಾಕಿದಿರಿ, ಸುಟ್ಟ ಪೆಟ್ರೋಲಿಗೆ ಹಾಕಿದಿರಿ, ಕಣ್ಣು ಕೆಂಪಾಗುವಂತೆ ತಿದ್ದಿದ್ದಕ್ಕೆ ಹಾಕಿದಿರಿ. ಕಾಯ್ದಿಡುವುದಕ್ಕೆ ಮಾತ್ರ ಯಾರೂ ಬೆಲೆ ಹಾಕಲಿಲ್ಲ. ಬೆಲೆ ಇಲ್ಲದ ಕೆಲಸವನ್ನು ಯಾರೂ ಮಾಡಲಿಲ್ಲ. ಫೋಟೋ ತುಂಬಿಟ್ಟಿದ್ದ ನಿಮ್ಮ ಡಬ್ಬಿಗಳು ಒಂದೊಂದೇ ಸತ್ತವು. ನೀವು ಕ್ಲೌಡ್ ಅನ್ನುತ್ತಿದ್ದ ದೂರದ ಉಗ್ರಾಣಗಳಿಗೆ ಬಾಡಿಗೆ ಕಟ್ಟುವವರಿಲ್ಲದೆ ಬೀಗ ಬಿತ್ತು. ಮನುಷ್ಯರು ಇನ್ನೆಂದೂ ಅಷ್ಟು ಫೋಟೋ ತೆಗೆದಿರಲಿಕ್ಕಿಲ್ಲ, ಇನ್ನೆಂದೂ ಅಷ್ಟು ಕಳೆದಿರಲಿಕ್ಕೂ ಇಲ್ಲ.

ದರಪಟ್ಟಿಯ ಮೇಲಿನ ಮೂಲೆಯಲ್ಲಿ ಒಬ್ಬ ಹೆಣ್ಣುಮಗಳ ಚಿತ್ರವಿದೆ. ಕೈಯಲ್ಲಿ ಕ್ಯಾಮೆರಾ, ಹಾರುವ ಕೂದಲು, ಹಾಲಿನಂಥ ಹಲ್ಲು. ಅದು ನೀವೇ ಎಂದು ನಮ್ಮ ಮನೆಯಲ್ಲಿ ಮೂರು ತಲೆಮಾರು ಕುಂಕುಮ ಹಚ್ಚಿ, ಹೂವು ಏರಿಸಿ, ಹೋಳಿಗೆ ಎಡೆ ಇಟ್ಟರು. ನನ್ನ ತಂಗಿ ಹುಟ್ಟಿದಾಗ ಅಜ್ಜಿಯ ನಗುವೇ ಬಂದಿದೆ ಎಂದು ಎಲ್ಲರೂ ಹಿಗ್ಗಿದ್ದರು. ನಾನು ಮದುವೆಯ ವಯಸ್ಸು ದಾಟಿದ ಮೇಲೆ ಒಮ್ಮೆ ರಾಣೆಬೆನ್ನೂರಿಗೆ ಹೋಗಿದ್ದೆ. ಅಲ್ಲಿ ಒಬ್ಬರ ದನದ ಕೊಟ್ಟಿಗೆಯ ಮೇಲೆ ಹಳೆಯ ಫ್ಲೆಕ್ಸ್ ಹೊದಿಸಿದ್ದರು, ಯಾವುದೋ ಹಲ್ಲಿನ ಆಸ್ಪತ್ರೆಯದು. ಅದರಲ್ಲೂ ಅದೇ ಹೆಣ್ಣುಮಗಳು, ಅದೇ ಹಾರುವ ಕೂದಲು, ಕೈಯಲ್ಲಿ ಮಾತ್ರ ಹಲ್ಲುಜ್ಜುವ ಬ್ರಷ್. ಎಲ್ಲಿಂದಲೋ ಇಳಿಸಿಕೊಂಡ ಯಾರದೋ ಚಿತ್ರವನ್ನು ನೀವು ನಿಮ್ಮ ಮೂಲೆಯಲ್ಲಿ ಹಾಕಿಸಿದ್ದಿರಿ! ಊರ ಮುಖವೆಲ್ಲ ತೆಗೆದವರು ನಿಮ್ಮ ಮುಖವೊಂದನ್ನು ತೆಗೆಸಿಕೊಳ್ಳಲಿಲ್ಲ. ಮನೆಗೆ ಬಂದು ಅತ್ತು ಹೇಳಿದಾಗ ನನ್ನ ಸೋದರತ್ತೆ ನಿಂಗಮ್ಮ ಅಂದದ್ದು ಇಷ್ಟು: “ಇರ್ಲಿ ಬಿಡವಾ. ಇಷ್ಟು ವರ್ಷ ಪೂಜಿ ಮಾಡೇವಿ, ಈಗ ಹೊರಗ ಹಾಕಿದ್ರ ಆಕಿ ಎಲ್ಲಿಗೆ ಹೋಗಬೇಕು?” ಹಾಗಾಗಿ ಆಕೆಗೆ ಇಂದಿಗೂ ಹೂವು ಏರುತ್ತದೆ.

ನಮ್ಮ ಕಾಲದ ಬದುಕನ್ನು ಸ್ವಲ್ಪ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮಗೆ ತಿಳಿಯಲಿಕ್ಕಿಲ್ಲ. ಮಾರ್ಚಿನಿಂದ ಮೂರು ತಿಂಗಳು ನಾವು ಹಗಲು ಹೊರಗೆ ಬರುವುದಿಲ್ಲ. ಮನೆಗಳಿಗೆಲ್ಲ ನೆಲದಡಿಯಲ್ಲಿ ತಂಪುಕೋಣೆ ಇದೆ. ಮಧ್ಯಾಹ್ನದ ಊಟ, ನಿದ್ದೆ, ಜಗಳ ಎಲ್ಲ ಅಲ್ಲೇ. ಸಂತೆ ಬೆಳಗಿನ ಜಾವಕ್ಕೆ ಕೂಡಿ ಬಿಸಿಲೇರುವಷ್ಟರಲ್ಲಿ ಚದುರುತ್ತದೆ. ಗಿರಮಿಟ್ಟು, ಮಿರ್ಚಿ ಇನ್ನೂ ಇವೆ, ಗಾಬರಿಯಾಗಬೇಡಿ. ನಮ್ಮ ಹಣದ ಹೆಸರು ಸುತ್ತು. ಕಪ್ಪತಗುಡ್ಡದ ಮೇಲಿನ ಗಾಳಿಫ್ಯಾನುಗಳು ಇಡೀ ಸೀಮೆಗೆ ಕರೆಂಟು ಕೊಡುತ್ತವೆ. ಅವು ತಿರುಗಿದ ಸುತ್ತಿನ ಲೆಕ್ಕದಲ್ಲೇ ನಮ್ಮ ಕೂಲಿ, ನಮ್ಮ ಬೆಲೆ. ಇನ್ನು ಚಿತ್ರಗಳು. ಯಂತ್ರಕ್ಕೆ ಹೇಳಿದರೆ ಯಾವ ಚಿತ್ರ ಬೇಕಾದರೂ ಕ್ಷಣದಲ್ಲಿ ಮಾಡಿಕೊಡುತ್ತದೆ, ಪುಕ್ಕಟೆ. ಸತ್ತ ಹಿರಿಯರ ಫೋಟೋ ಇಲ್ಲದವರು ಹೆಸರು, ಊರು, ಮೊಮ್ಮಕ್ಕಳ ಚಹರೆ ಹೇಳಿ ಯಂತ್ರದಿಂದ ಊಹಾಮುಖ ಮಾಡಿಸುತ್ತಾರೆ. ಹೀಗಿದ್ದಿರಬಹುದು ಎಂಬ ಮುಖ, ಅಷ್ಟೇ. ಮನೆಮನೆಯಲ್ಲೂ ಹಾರ ಹಾಕಿಕೊಂಡು ಕೂತಿವೆ. ಇಡೀ ಬೆಟಗೇರಿಯ ಮುತ್ತಜ್ಜಂದಿರಿಗೆಲ್ಲ ಒಂದೇ ಮೂಗು, ಒಬ್ಬರಿಗೂ ಹಲ್ಲು ಬಿದ್ದಿಲ್ಲ.

ಆದ್ದರಿಂದ ನಮ್ಮ ಕಸುಬಿಗೆ ಬೆಲೆ ಬಂದಿತು. ಒಬ್ಬ ಮನುಷ್ಯ ಇನ್ನೊಬ್ಬನ ಎದುರು ಕೂತು ಮುಖ ತೆಗೆಸಿಕೊಳ್ಳುವುದಕ್ಕೆ ಎದುರುಕೂಟ ಅನ್ನುತ್ತೇವೆ. ನಮ್ಮ ಕ್ಯಾಮೆರಾ ಅಂಗೈಯಗಲದ ಗಾಜಿನ ಬಿಲ್ಲೆಯ ಮೇಲೆ ಮುಖವನ್ನು ಕೊರೆಯುತ್ತದೆ. ಬೆಳಕಿಗೆ ಹಿಡಿದರೆ ಕಣ್ಣಿನ ರೆಪ್ಪೆ ಕೂಡ ಕಾಣುತ್ತದೆ. ಒಬ್ಬರಿಗೆ ಒಂದೇ ಬಿಲ್ಲೆ, ನಕಲು ಇಲ್ಲ. ಅದನ್ನು ನೆಲದಡಿಯ ಗಾಜುಮನೆಯಲ್ಲಿ ಕಾಯ್ದಿಡುವುದು ತೆಗೆದವರ ಹೊಣೆ. ವರ್ಷಕ್ಕೊಮ್ಮೆ ಹೊರಗೆ ತೆಗೆದು, ಒರೆಸಿ, ಮುಖ ನೋಡಿ, ಹೆಸರನ್ನು ಗಟ್ಟಿಯಾಗಿ ಕೂಗಬೇಕು. ಇದಕ್ಕೆ ಕಾಪು ಎಂದು ಹೆಸರು, ನಮಗೆ ಕಾಪುಗಾರ್ತಿಯರು ಎಂದು. ಮುಖ ತೆಗೆಯಲು ಎಷ್ಟು ಹೊತ್ತು ಹಿಡಿಯಿತು ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಎಷ್ಟು ಕಾಲ ಕಾಯುತ್ತೀರಿ ಎಂಬುದೇ ಬೆಲೆ. ಮೂರು ತಲೆಮಾರು, ಒಂದು ತಲೆಮಾರು, ಎಲ್ಲಕ್ಕಿಂತ ಕಡಿಮೆ ಎಂದರೆ ಹದಿನೈದು ವರ್ಷ. ಬೆಲೆ ಕುದುರುವವರೆಗೆ ಗಿರಾಕಿ ನಿಂತೇ ಇರಬೇಕು. ಕುರ್ಚಿಯಲ್ಲಿ ಕೂತರೆಂದರೆ ಒಪ್ಪಿದರು ಎಂದು ಅರ್ಥ. ಅವರು ನಿಂತಿರುವಾಗ ಕಾಪುಗಾರ್ತಿ ತನ್ನ ಕಡೆಯಿಂದ ಒಂದಿಷ್ಟು ವರ್ಷ ಕೊಸರು ಹಾಕಬಹುದು, ಖರ್ಚು ಅವಳದೇ. ಕೂತ ಮೇಲೆ ಕೊಸರಿಲ್ಲ, ಚೌಕಾಸಿಯಿಲ್ಲ.

ಅವಧಿ ಮುಗಿದ ಬಿಲ್ಲೆಯನ್ನು ಕರಗಿಸಬೇಕು. ಕೂತವರು ಬದುಕಿದ್ದರೆ ತಾವೇ ಬಂದು ಅವಧಿ ಮುಂದುವರಿಸಬಹುದು. ಅವರ ಪರವಾಗಿ ಗಂಡನಾಗಲಿ, ಮಕ್ಕಳಾಗಲಿ ಬರುವಂತಿಲ್ಲ. ನಿಮಗೆ ಇದು ಕಲ್ಲುಮನಸ್ಸು ಅನ್ನಿಸಬಹುದು. ಆದರೆ ನಿಮ್ಮ ನಂತರ ಒಂದು ಕೆಟ್ಟ ಕಾಲ ಬಂದಿತ್ತು. ಸತ್ತವರ ಮುಖ ಕದ್ದು, ಅವರ ಬಾಯಲ್ಲಿ ಬೇಕಾದ್ದು ನುಡಿಸಿ, ಸಾಲ ಎತ್ತಿ, ಹೊಲ ಬರೆಸಿಕೊಂಡು, ಸತ್ತ ತಾಯಂದಿರಿಂದ ಮಕ್ಕಳಿಗೆ ಬೈಗುಳ ಕೂಡ ಹೇಳಿಸಿದರಂತೆ. ಅದನ್ನು ಕಂಡವರು ಈ ಕಟ್ಟು ಮಾಡಿದರು. ನನ್ನ ಮುಖ ನಾನು ಒಪ್ಪಿದಷ್ಟು ಕಾಲ ಮಾತ್ರ ಇರುತ್ತದೆ ಎಂಬ ನಂಬಿಕೆಯಿಂದಲೇ ಜನ ಇವತ್ತು ನನ್ನ ಎದುರು ಮುಸುಕು ತೆಗೆದು ಕೂರುತ್ತಾರೆ.

ಹದಿನೈದು ವರ್ಷದ ಹಿಂದೆ, ನಿಂಗಮ್ಮತ್ತೆ ಇನ್ನೂ ಇದ್ದಾಗ, ಹುಸೇನಬಿ ನದಾಫ ಬಂದಳು. ಗಾಳಿಫ್ಯಾನಿನ ಕೆಲಸಗಾರರು ಬಂದಿಳಿಯುವ ಜಾಗದಲ್ಲಿ ಗಿರಮಿಟ್ಟು ಮಾರುವವಳು. ಅವಳ ಚೌಕಾಸಿಗೆ ಇಡೀ ಸಂತೆ ಹೆದರುತ್ತಿತ್ತು. ಸೆರಗು ಹಿಡಿದುಕೊಂಡು ಐದು ವರ್ಷದ ಮಗಳೂ ಬಂದಿದ್ದಳು. ನಾನು ದೀಪ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಅತ್ತೆ ಮೂರು ತಲೆಮಾರಿನ ಬೆಲೆ ಹೇಳಿದ್ದೇ ತಡ, ಹುಸೇನಬಿ ಎಡಗೈಯನ್ನು ಟೊಂಕದ ಮೇಲಿಟ್ಟಳು. “ಅಕ್ಕಾರ, ತಗಿಯೂದು ನನ್ನ ಒಂದು ಮಾರಿ, ಊರ ಮಂದೀ ಮಾರಿ ಎಲ್ಲಾ ಸೇರಿಸಿ ಹೇಳ್ತೀರಲ್ರೀ!” ಅತ್ತೆಗೆ ನಗು ತಡೆಯಲಾಗಲಿಲ್ಲ. ಹುಸೇನಬಿ ಬಾಗಿಲವರೆಗೆ ಹೋದಳು, ಒಲ್ಲೆ ಅಂದ್ರ ಬಿಡ್ರಿ ನಾ ಹೊಂಟೆ ಅಂದಳು, ಹೊಸ್ತಿಲ ಮೇಲೆ ಒಂದು ಕಾಲಿಟ್ಟು ಅಲ್ಲೇ ನಿಂತಳು. ಹೀಗೆ ಹಗ್ಗಜಗ್ಗಾಡಿ ಕೊನೆಗೆ ಹದಿನೈದು ವರ್ಷಕ್ಕೆ ಇಳಿಸಿದಳು.

ಅತ್ತೆಗೆ ಆಕೆಯ ಮೇಲೆ ಪ್ರೀತಿ ಬಂದುಬಿಟ್ಟಿತ್ತು. ಒಂದು ತಲೆಮಾರು ಕೊಸರು ಹಾಕುತ್ತೇನೆ, ನನ್ನ ಖರ್ಚು ಅಂದರು. ಯಾವ ಅಂಗಡಿಯಲ್ಲೂ ಕೊಸರು ಬಿಡದ ಹೆಣ್ಣು ಅಂದು ಬೇಡ ಅಂದಳು. ಮಗಳ ತಲೆ ಮೇಲೆ ಕೈಯಿಟ್ಟು ಹೇಳಿದ ಮಾತು ನನಗೆ ನೆನಪಿದೆ. “ಹದಿನೈದು ವರ್ಷಕ್ಕ ಇಕಿ ಕೈಗೆ ಬರ್ತಾಳ. ನನ್ನ ಮಾರಿ ನೆನಪಿಡೂದು ಆಮ್ಯಾಲೆ ಇಕೀ ಕೆಲಸ. ಮಗಳು ಮಾಡೂ ಕೆಲಸಾ ನಿಮಗ್ಯಾಕ ಒಪ್ಪಿಸಲಿ?” ಹಾಗೆಂದು ಹೋಗಿ ಕುರ್ಚಿಯಲ್ಲಿ ಕೂತಳು. ಬೆಲೆ ಇಳಿಸಿದ ಖುಷಿಗೆ ಅವಳ ತುಟಿಯ ಬಲಗಡೆ ಸ್ವಲ್ಪ ಮೇಲೆದ್ದಿತ್ತು. ಬಿಲ್ಲೆಯಲ್ಲಿ ಇರುವುದು ಆ ತುಟಿಯೇ. ಮರುದಿನ ನಮ್ಮಿಬ್ಬರಿಗೂ ಗಿರಮಿಟ್ಟು ಕಳಿಸಿದಳು, ಬೆಲೆ ಎಷ್ಟು ಇಳಿಸಿದೆ ಎಂದು ಸಂತೆಗೆಲ್ಲ ಸಾರಿದಳು.

ಮುಂದಿನ ಬೇಸಗೆಯಲ್ಲೇ ಬಿಸಿಲು ಬಡಿದು ಹುಸೇನಬಿ ತೀರಿಕೊಂಡಳು. ಮಗಳು ದೌಲತಬಿಯನ್ನು ತಂದೆಯ ಕಡೆಯವರು ಸಿಂಧನೂರಿಗೆ ಕರೆದುಕೊಂಡು ಹೋದರು. ಅಲ್ಲಿ ತಾಯಿಯ ಮಾತೆತ್ತುವವರೂ ಇರಲಿಲ್ಲ. ಬೆಟಗೇರಿಯಲ್ಲಿ ನಿಮ್ಮಮ್ಮನ ಬಿಲ್ಲೆ ಇದೆ ಎಂದು ಯಾರೋ ಹೇಳಿದ್ದು ಈ ತಿಂಗಳು. ಇದ್ದಬದ್ದ ಸುತ್ತನ್ನೆಲ್ಲ ಕೂಡಿಸಿಕೊಂಡು ಓಡಿಬಂದಿದ್ದಾಳೆ. ಮೂರು ತಲೆಮಾರಿನ ಬೆಲೆ ಇಲ್ಲೇ ಇಡುತ್ತೇನೆ, ಬೇಕಾದರೆ ಅದರ ಮೇಲೂ ಕೊಡುತ್ತೇನೆ, ಅಮ್ಮನನ್ನು ಕರಗಿಸಬೇಡಿ ಎಂದು ಕಾಲು ಹಿಡಿದಳು. ಎಬ್ಬಿಸಿ ಕೂರಿಸಿ, ಅವಳ ತಾಯಿ ಆಡಿದ ಮಾತನ್ನು ಇದ್ದ ಹಾಗೆ ಹೇಳಿದೆ. ಹೇಳಬಾರದಿತ್ತೇನೋ. ಆ ಹುಡುಗಿ ಅಂದಳು: “ನನಗ ಆಕೀ ಮಾರಿ ನೆನಪಿಲ್ರೀ ಅಕ್ಕಾರ. ಒಂದ ಕೆಲಸ ಕೊಟ್ಟು ಹೋಗಿದ್ಲು, ಅದೂ ನನ್ನ ಕಡೆಯಿಂದ ಆಗಲಿಲ್ಲ.”

ಅಜ್ಜಿ, ನಾನು ಮನಸ್ಸು ಮಾಡಿದರೆ ಬಿಲ್ಲೆಯನ್ನು ಬೇರೆ ಗೂಡಿಗೆ ಸರಿಸಿಬಿಡಬಹುದು. ಯಾರಿಗೂ ತಿಳಿಯುವುದಿಲ್ಲ. ಮುಂಜಾನೆಯಿಂದ ಅದೇ ಯೋಚನೆ. ಆದರೆ ಹುಸೇನಬಿ ನಮ್ಮನ್ನು ನಂಬಿ ಕೂತವಳು. ಅವಳು ಬೇಡ ಅಂದದ್ದನ್ನು ಅವಳು ಸತ್ತಿದ್ದಾಳೆಂದು ಮಾಡಿದರೆ, ಮುಖ ಕದ್ದವರಿಗೂ ನನಗೂ ಏನು ವ್ಯತ್ಯಾಸ? ಇತ್ತ ಕಟ್ಟೆಯ ಮೇಲೆ ಹುಡುಗಿ ಕೂತಿದ್ದಾಳೆ, ಊಟ ಕಳಿಸಿದರೆ ಮುಟ್ಟಿಲ್ಲ. ನಿಮ್ಮ ಮೇಲೆ ಸಿಟ್ಟು ಬಂದದ್ದು ಆಗಲೇ. ನೀವು ಕಾಪಿಗೆ ಬೆಲೆ ಹಾಕದೆ ಎಲ್ಲವನ್ನೂ ಕಳೆದಿರಿ. ನಾವು ಬೆಲೆ ಹಾಕಿ ಈ ಹುಡುಗಿಯ ತಾಯಿಯನ್ನು ಕಳೆಯುತ್ತಿದ್ದೇವೆ. ಯಾವುದು ಸರಿ ಎಂದು ಕೇಳೋಣವೆಂದರೆ ಗೋಡೆಯ ಮೇಲೆ ಹಲ್ಲಿನ ಆಸ್ಪತ್ರೆಯ ಹೆಂಗಸು ನಗುತ್ತಿದ್ದಾಳೆ. ಇವತ್ತಿಗೆ ಇಲ್ಲಿಗೆ ನಿಲ್ಲಿಸುತ್ತೇನೆ.

ಉಳಿಕೆ ದಿನ, ಮೊದಲನೆಯದು

ಕುಲುಮೆ ಇನ್ನೂ ಬಿಸಿ ಇದೆ. ಆದದ್ದನ್ನು ಹೇಳಿ ಮುಗಿಸುತ್ತೇನೆ.

ಬೆಳಿಗ್ಗೆ ದೌಲತಬಿಯನ್ನು ಗಾಜುಮನೆಗೆ ಕರೆದುಕೊಂಡು ಹೋದೆ. ಕರಗಿಸುವ ಮೊದಲು ಸಂಬಂಧಿಕರು ಮನಸ್ಸು ತುಂಬುವವರೆಗೆ ನೋಡಬಹುದು, ಅದಕ್ಕೆ ಅಡ್ಡಿಯಿಲ್ಲ. ಬಿಲ್ಲೆ ಒರೆಸಿ ಅವಳ ಕೈಯಲ್ಲಿಟ್ಟು, ಹುಸೇನಬಿ ನದಾಫ ಎಂದು ಕಡೆಯ ಸಲ ಕೂಗಿದೆ. ಅವಳು ಬೆಳಕಿಗೆ ಹಿಡಿದು ನೋಡಿದಳು. ಅಳುತ್ತಾಳೆ ಅಂದುಕೊಂಡಿದ್ದೆ, ಅಳಲಿಲ್ಲ. ಪರೀಕ್ಷೆಗೆ ಓದುವವರಂತೆ ಹಣೆಯಿಂದ ಗದ್ದದವರೆಗೆ, ಮತ್ತೆ ಹಣೆಯಿಂದ ಗದ್ದದವರೆಗೆ ನೋಡುತ್ತಲೇ ಇದ್ದಳು. ನಡುನಡುವೆ ಕಣ್ಣು ಮುಚ್ಚಿ, ಒಳಗೆ ಉಳಿಯಿತೇ ಎಂದು ಪರೀಕ್ಷಿಸಿ, ಮತ್ತೆ ತೆರೆಯುತ್ತಿದ್ದಳು. ನನಗೆ ನಿಲ್ಲಲಾಗದೆ ಮೂಲೆಗೆ ಹೋಗಿ ಕಣ್ಣು ಒರೆಸಿಕೊಂಡೆ. ಬಿಸಿಲೇರುತ್ತಾ ಬಂದಾಗ ತಾನೇ ತಂದು ನನ್ನ ಕೈಗೆ ಕೊಟ್ಟು, ಹಾಕ್ರಿ ಅಂದಳು.

ಹಾಕಿದೆ. ಗಾಜು ಕರಗಲು ಬಹಳ ಹೊತ್ತು ಬೇಕಿಲ್ಲ, ಅಜ್ಜಿ. ಮೊದಲು ಅಂಚು ಮೆತ್ತಗಾಯಿತು, ಆಮೇಲೆ ಹಣೆ, ಕಡೆಗೆ ಆ ಮೇಲೆದ್ದ ತುಟಿ. ದೌಲತಬಿ ಗೋಡೆಗೆ ಒರಗಿ ನಿಂತಿದ್ದಳು, ಮುಖದಲ್ಲಿ ಜೀವ ಇರಲಿಲ್ಲ. ನಮ್ಮಲ್ಲಿ ಗಾಜನ್ನು ಬಿಸಾಡುವುದಿಲ್ಲ. ಕರಗಿದ್ದನ್ನು ಅಚ್ಚಿಗೆ ಹೊಯ್ದು ಹೊಸ ಬಿಲ್ಲೆ ಮಾಡುತ್ತೇವೆ, ಯಾರು ಮೊದಲು ಬರುತ್ತಾರೋ ಅವರಿಗೆ. ಇನ್ನು ಕುಲುಮೆ ಆರುವ ಮುಂಚೆ ಈ ಕಾಗದವನ್ನೂ ಅದರೊಳಗೆ ಹಾಕುತ್ತೇನೆ, ಅಜ್ಜಿ.